ಕೊನೆಯ ನಾಲ್ಕು ಮಾರು

ನಮ್ಮ ಅತ್ತೆ, ಅಂದರೆ ಅಪ್ಪನ ತಂಗಿ, ಊಟದ ಮೇಜಿನ ಕೆಳಗೆ ತೂಕ ನೋಡುವ ಯಂತ್ರವನ್ನು ಗೋಡೆಗೆ ಒರಗಿಸಿಟ್ಟು, ಕುರ್ಚಿಯಲ್ಲಿ ನೆಟ್ಟಗೆ ಕೂತು, ಬಲಗಾಲಿನಿಂದ ಅದನ್ನು ಒತ್ತುತ್ತಿದ್ದರು. ಒತ್ತುವುದು, ಬಗ್ಗಿ ಮುಳ್ಳು ಎಲ್ಲಿದೆ ಅಂತ ನೋಡುವುದು, ಹಳೆಯ ಲಕೋಟೆಯ ಹಿಂದೆ ಬರೆದುಕೊಳ್ಳುವುದು, ಮತ್ತೆ ಒತ್ತುವುದು. ನಾನು ಬಾಗಿಲಲ್ಲೇ ನಿಂತು ಎರಡು ನಿಮಿಷ ನೋಡಿದೆ. ಅರವತ್ತೊಂದು ವರ್ಷದ ಹೆಂಗಸು ಗೋಡೆ ಒದೆಯುತ್ತಾ ಕೂತಿದ್ದರೆ ಯಾರಿಗಾದರೂ ನಗು ಬರುತ್ತದೆ. ನನಗೂ ಬಂತು.

"ಏನತ್ತೆ, ಗೋಡೆ ಏನು ತಪ್ಪು ಮಾಡ್ತು?"

ಅವರು ಬೆಚ್ಚಿಬಿದ್ದು ಕಾಲನ್ನು ಕುರ್ಚಿಯ ಅಡಿಗೆ ಎಳೆದುಕೊಂಡರು. "ಬಾಗಿಲು ತಟ್ಟಿ ಬರೋ ಅಭ್ಯಾಸ ನಿಮ್ಮಪ್ಪನಿಗೂ ಇರಲಿಲ್ಲ, ನಿನಗೂ ಇಲ್ಲ."

ನಾನು ಲಕೋಟೆ ಎತ್ತಿಕೊಂಡೆ. ಇಪ್ಪತ್ತೆರಡು, ಇಪ್ಪತ್ತೆರಡು, ಇಪ್ಪತ್ತಮೂರು, ಇಪ್ಪತ್ತೆರಡು. ಹೀಗೇ ಒಂದರ ಕೆಳಗೊಂದು ಮೂವತ್ತು ಸಂಖ್ಯೆಗಳು. ಪ್ರತಿಯೊಂದರ ಮುಂದೆ ಗಂಟೆ, ನಿಮಿಷ.

"ಇದೇನು?"

"ನನ್ನ ಕಾಲು. ಅದರಲ್ಲಿ ಶಕ್ತಿ ಉಳಿದಿದೆಯೋ ಇಲ್ಲವೋ ನೋಡ್ತಿದೀನಿ."

ನಾನು ಲಕೋಟೆಯನ್ನು ಇದ್ದ ಜಾಗದಲ್ಲೇ ಇಟ್ಟೆ.

ಅತ್ತೆಯ ಕೆಲಸ ರಕ್ತ ಸಾಗಿಸುವುದು. ಹಾಗೆ ಹೇಳಿದರೆ ಕೆಲವರು ಎರಡು ಹೆಜ್ಜೆ ಹಿಂದೆ ಸರಿಯುತ್ತಾರೆ, ಅದಕ್ಕೇ ನಾನು ಹಾಗೇ ಹೇಳುವುದು. ಊರಿನ ಮೂಲೆ ಮೂಲೆಯಲ್ಲಿರುವ ಒಂಬತ್ತು ಸಣ್ಣ ಕ್ಲಿನಿಕ್ಕುಗಳಲ್ಲಿ ಬೆಳಿಗ್ಗೆ ತೆಗೆದ ರಕ್ತದ ಮಾದರಿಗಳನ್ನು ಹತ್ತೂವರೆಯೊಳಗೆ ದೊಡ್ಡ ಲ್ಯಾಬಿಗೆ ಮುಟ್ಟಿಸಬೇಕು. ಅದಕ್ಕೂ ಮುಂಚೆ ಇಪ್ಪತ್ತು ವರ್ಷ ಅದೇ ಲ್ಯಾಬಿನಲ್ಲಿ ಟ್ಯೂಬುಗಳಿಗೆ ಚೀಟಿ ಅಂಟಿಸುತ್ತಿದ್ದರು. ಚೀಟಿ ಅಂಟಿಸುವ ಯಂತ್ರ ಬಂದು ಅವರ ಕೆಲಸಕ್ಕೆ ಕುತ್ತು ಬಂದ ವಾರವೇ ಸಾಗಾಣಿಕೆಯ ಡ್ರೈವರು ಕೈಕೊಟ್ಟು ಹೋದ. ಎಲ್ಲರೂ ಮುಖ ಮುಖ ನೋಡಿಕೊಳ್ಳುತ್ತಿದ್ದಾಗ ಅತ್ತೆ "ನಾನು ಓಡಿಸ್ತೀನಿ" ಅಂದರು. ಆಗ ಅವರಿಗೆ ಐವತ್ತು ವರ್ಷ, ಡ್ರೈವಿಂಗ್ ಬರುತ್ತಿರಲಿಲ್ಲ. ಆರು ವಾರದಲ್ಲಿ ಕಲಿತರು. ಆ ಆರು ವಾರ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಓಡಾಡಿದರು.

ರಕ್ತವನ್ನು ಕುಲುಕಿದರೆ ಅದರ ಕಣಗಳು ಒಡೆಯುತ್ತವೆ. ಒಡೆದ ರಕ್ತ ಪರೀಕ್ಷೆಗೆ ಬಾರದು, ಪಾಪ ಆ ರೋಗಿಗೆ ಮತ್ತೆ ಸೂಜಿ ಚುಚ್ಚಬೇಕು. ಇದನ್ನು ಅತ್ತೆ ತಲೆಗೆ ಹಚ್ಚಿಕೊಂಡುಬಿಟ್ಟರು. ಮಾದರಿಗಳ ಪೆಟ್ಟಿಗೆ ಪಕ್ಕದ ಸೀಟಿನಲ್ಲಿ, ಅದಕ್ಕೂ ಸೀಟ್ ಬೆಲ್ಟು. ಮುಂದಿನ ಸಿಗ್ನಲ್ಲು ಇರುವೆಯಷ್ಟು ಕಾಣುವಾಗಲೇ ಅತ್ತೆಯ ಕಾಲು ಬ್ರೇಕಿನ ಮೇಲೆ ಬಂದಿರುತ್ತದೆ. ಹಿಂದಿನವರು ಹಾರ್ನ್ ಹೊಡೆದು ಹೊಡೆದು ಸುಸ್ತಾಗುತ್ತಾರೆ. ನಾನು ಸ್ಕೂಟರಿನವಳು, ವರ್ಷಕ್ಕೆ ಎರಡು ಸಲ ಬ್ರೇಕ್ ಶೂ ಸವೆಸುವವಳು. ಅತ್ತೆಯ ಪಕ್ಕ ಕೂತರೆ ಹತ್ತು ನಿಮಿಷಕ್ಕೆ ನನಗೆ ಇಳಿದು ತಳ್ಳೋಣ ಅನ್ನಿಸುತ್ತದೆ. ಲ್ಯಾಬಿನವರು ಅವರಿಗೆ ಇಟ್ಟ ಹೆಸರು ಮೆಲ್ಲಕ್ಕ. ಹನ್ನೊಂದು ವರ್ಷದಲ್ಲಿ ಮೆಲ್ಲಕ್ಕ ತಂದ ಒಂದೇ ಒಂದು ಟ್ಯೂಬೂ ಕೆಟ್ಟಿರಲಿಲ್ಲ.

ಐದು ವರ್ಷದ ಹಿಂದೆ ಅತ್ತೆ ಸ್ವಂತಕ್ಕೆ ಸೆಕೆಂಡ್ ಹ್ಯಾಂಡ್ ಹೈಬ್ರಿಡ್ ಕಾರು ತೆಗೆದುಕೊಂಡರು. ಪೆಟ್ರೋಲ್ ಇಂಜಿನ್ನೂ ಇದೆ, ಬ್ಯಾಟರಿಯ ಮೋಟರೂ ಇದೆ. ಮೆತ್ತಗೆ ಬ್ರೇಕ್ ಒತ್ತಿದರೆ ಮೋಟರು ಹಿಮ್ಮುಖವಾಗಿ ಕೆಲಸ ಮಾಡಿ ಗಾಡಿಯನ್ನು ಎಳೆದು ಹಿಡಿಯುತ್ತದೆ, ಜೊತೆಗೆ ಬ್ಯಾಟರಿಯನ್ನೂ ತುಂಬಿಸುತ್ತದೆ. ಅತ್ತೆಗೂ ಆ ಕಾರಿಗೂ ಹೇಳಿ ಮಾಡಿಸಿದ ಜೋಡಿ. ಇನ್ನೊಂದು ವಿಷಯ ಇತ್ತು. ಕಾರು ನಿಲ್ಲಿಸಿ ಕೀಲಿ ತೆಗೆಯುವಾಗ ಪರದೆಯ ಮೇಲೆ ಅಂಕ ಬರುತ್ತದೆ, ಎಷ್ಟು ಚೆನ್ನಾಗಿ ಓಡಿಸಿದಿರಿ ಅಂತ. ಅತ್ತೆಗೆ ದಿನಾ ತೊಂಬತ್ತೈದು, ತೊಂಬತ್ತಾರು. ಒಮ್ಮೆ ತೊಂಬತ್ತೆಂಟು ಬಂದಾಗ ಫೋಟೋ ತೆಗೆದು ನನ್ನ ಫೋಟೋಕಾಪಿ ಅಂಗಡಿಗೆ ಕಳಿಸಿದರು. ನಾನು ಬಣ್ಣದಲ್ಲಿ ಪ್ರಿಂಟ್ ತೆಗೆದುಕೊಟ್ಟೆ, ಅದು ಫ್ರಿಜ್ಜಿನ ಬಾಗಿಲು ಹತ್ತಿತು. ಶಾಲೆಯಲ್ಲಿ ಅಷ್ಟು ಅಂಕ ಅವರು ಯಾವತ್ತೂ ಕಂಡಿರಲಿಲ್ಲವಂತೆ. ಮಾವ ಮಾತ್ರ ಫ್ರಿಜ್ಜು ತೆಗೆಯುವಾಗಲೆಲ್ಲ "ಕಾರಿಗೆ ಲಂಚ ಕೊಟ್ಟಿದಾಳೆ" ಅನ್ನುತ್ತಿದ್ದರು.

ಅಂಥವರ ಕಾರು ಒಂದು ಬೆಳಿಗ್ಗೆ ಲ್ಯಾಬಿನ ಹಿಂಬಾಗಿಲ ಇಳಿಜಾರಿನಲ್ಲಿ ನಿಲ್ಲಲಿಲ್ಲ. ನಿಂತಿತು, ಆದರೆ ನಿಲ್ಲಬೇಕಾದ ಜಾಗದಿಂದ ನಾಲ್ಕು ಮಾರು ಮುಂದೆ, ದೊಡ್ಡ ಕಸದ ಡಬ್ಬಿಗೆ ಗುದ್ದಿ. ಕಾರಿಗೆ ಏನೂ ಆಗಲಿಲ್ಲ. ಪೆಟ್ಟಿಗೆಯೊಳಗೆ ಒಂದು ಟ್ಯೂಬು ಒಡೆಯಿತು. ಆರು ವರ್ಷದ ಮಗುವಿನದು. ನರ ಸಿಗದೆ ಮೂರು ಸಲ ಚುಚ್ಚಿ ತೆಗೆದ ರಕ್ತ. ಮಾರನೆಯ ದಿನ ಮತ್ತೆ ಚುಚ್ಚಿದರು. ಅತ್ತೆ ಕ್ಲಿನಿಕ್ಕಿನ ಹೊರಗೆ ಬೆಂಚಿನ ಮೇಲೆ ಕೂತು ಆ ಅಳುವನ್ನು ಪೂರ್ತಿ ಕೇಳಿಸಿಕೊಂಡರು. ಎದ್ದು ಹೋಗಬಹುದಿತ್ತು, ಹೋಗಲಿಲ್ಲ.

ಲ್ಯಾಬಿನ ಮೇಲ್ವಿಚಾರಕರು ಕೆಟ್ಟ ಮನುಷ್ಯರಲ್ಲ. ಕರೆಸಿ, ಕೂರಿಸಿ, ನೀರು ಕೊಟ್ಟು ಹೇಳಿದರು. "ತಪ್ಪು ಗಾಡಿದಾ, ನಿಮ್ಮದಾ, ಗೊತ್ತಾಗ್ಬೇಕು ಮೆಲ್ಲಕ್ಕ. ಎರಡು ವಾರ ಟೈಮ್ ತಗೊಳ್ಳಿ, ಅಲ್ಲೀವರೆಗೂ ಬೇರೆಯವರು ಓಡಿಸ್ತಾರೆ. ಗಾಡಿದಾದ್ರೆ ರಿಪೇರಿ ಮಾಡಿಸಿ ಕಾಗದ ತನ್ನಿ. ನಿಮ್ಮದಾದ್ರೆ..." ಅಷ್ಟಕ್ಕೇ ನಿಲ್ಲಿಸಿ ಮೇಜಿನ ಮೇಲಿನ ಪೆನ್ನುಗಳನ್ನು ಜೋಡಿಸತೊಡಗಿದರಂತೆ.

ಅತ್ತೆ ನೇರ ಕಂಪನಿಯ ಸರ್ವೀಸ್ ಸೆಂಟರಿಗೆ ಹೋದರು. ಜೊತೆಗೆ ನಾನೂ ಹೋದೆ. ಇಸ್ತ್ರಿ ಅಂಗಿಯ ಸಲಹೆಗಾರ ಗಾಲಿಯ ಕಡ್ಡಿಗಳ ಸಂದಿಯಿಂದ ಟಾರ್ಚ್ ಬಿಟ್ಟು ಇಣುಕಿದ. ಗಾಲಿಯ ಜೊತೆ ತಿರುಗುವ ಕಬ್ಬಿಣದ ತಟ್ಟೆಗೆ ಡಿಸ್ಕ್ ಅನ್ನುತ್ತಾರೆ. ಅದನ್ನು ಎರಡು ಕಡೆಯಿಂದ ಅದುಮಿ ಹಿಡಿಯುವ ಬಿಲ್ಲೆಗಳು ಪ್ಯಾಡು. ಅದುಮುವ ಚಿಮ್ಮಟದಂಥ ಭಾಗ ಕ್ಯಾಲಿಪರ್. ಇಷ್ಟು ಗೊತ್ತಿದ್ದರೆ ಈ ಕತೆಗೆ ಸಾಕು, ನನಗೂ ಆಗ ಇಷ್ಟೂ ಗೊತ್ತಿರಲಿಲ್ಲ.

"ಪ್ಯಾಡು ಶೇಕಡಾ ಎಂಬತ್ತು ಉಳಿದಿದೆ ಮೇಡಂ," ಅಂದ. "ಏಳು ವರ್ಷದ ಗಾಡೀಲಿ ಇಷ್ಟು ಉಳಿದಿರೋದು ನಾನು ನೋಡೇ ಇಲ್ಲ."

ಒಂದು ತಿಂಗಳ ಹಿಂದೆ ಆಗಿದ್ದರೆ ಅತ್ತೆ ಈ ಮಾತನ್ನೂ ಪ್ರಿಂಟ್ ತೆಗೆಸಿ ಫ್ರಿಜ್ಜಿಗೆ ಅಂಟಿಸುತ್ತಿದ್ದರು. ಈಗ ಮುಖ ಬಾಡಿತು. "ಹಾಗಾದ್ರೆ ಯಾಕೆ ನಿಲ್ಲಲ್ಲ? ಮೊದಲೆಲ್ಲ ಸರಿಯಾಗೇ ನಿಧಾನ ಆಗುತ್ತೆ. ಕೊನೆಯ ನಾಲ್ಕು ಮಾರು ಮಾತ್ರ ನನ್ನ ಮಾತು ಕೇಳಲ್ಲ."

ಅವನು ಟ್ಯಾಬ್ಲೆಟ್ಟಿನಲ್ಲಿ ಏನೋ ಒತ್ತುತ್ತಾ, ತಲೆ ಎತ್ತದೆ, "ಕೆಲವು ಸಲ ದೊಡ್ಡವರು ಪೆಡಲ್ ಪೂರ್ತಿ ಒತ್ತಲ್ಲ ಮೇಡಂ. ಗೊತ್ತಾಗಲ್ಲ ಅವರಿಗೆ," ಅಂದ. ಆಮೇಲೆ ಒಂದು ಪಟ್ಟಿ ಕೊಟ್ಟ. ಸಮಾಧಾನಕ್ಕೆ ಬೇಕಾದರೆ ನಾಲ್ಕೂ ಗಾಲಿಯ ಪ್ಯಾಡು, ಡಿಸ್ಕು, ಕ್ಯಾಲಿಪರ್, ಬ್ರೇಕ್ ಎಣ್ಣೆ, ಎಲ್ಲ ಹೊಸದು ಹಾಕಬಹುದಂತೆ. ಮೊತ್ತ ನೋಡಿದೆ. ಅತ್ತೆಯ ಮೂರು ತಿಂಗಳ ದುಡಿಮೆ. ಸಮಾಧಾನಕ್ಕೆ ಇಷ್ಟು ಬೆಲೆ ಇದ್ದರೆ ನಾನು ಜೀವನಪೂರ್ತಿ ಜಗಳ ಆಡಿಕೊಂಡೇ ಇರುತ್ತೇನೆ ಅಂತ ಅವನ ಮುಖದ ಮೇಲೇ ಹೇಳಿದೆ. ಅತ್ತೆ ನನ್ನ ಮೊಣಕೈ ಚಿವುಟಿ ಹೊರಗೆ ಕರೆದುಕೊಂಡು ಬಂದರು.

ಮನೆಯಲ್ಲಿ ಸಭೆ ಕೂಡಿತು. ಅತ್ತೆಯ ಮಗಳು, ನನಗೆ ಅಕ್ಕನಾಗಬೇಕು, ಕೆಲಸದಿಂದ ನೇರ ಬಂದಿದ್ದಳು. ಅವಳ ಮಾತು ಖಡಾಖಂಡಿತ.

"ಅಮ್ಮ, ಬ್ರೇಕ್ ಚೆನ್ನಾಗಿದೆ ಅಂತ ಅವರೇ ಹೇಳಿದಾರೆ. ಚೆನ್ನಾಗಿರೋದನ್ನ ಬದಲಾಯಿಸೋಕೆ ಯಾಕೆ ದುಡ್ಡು ಸುರೀಬೇಕು? ಸುರಿದ ಮೇಲೂ ಮತ್ತೆ ಹಾಗೇ ಆದ್ರೆ? ಅವತ್ತು ಕಸದ ಡಬ್ಬಿ. ನಾಳೆ ಯಾರಾದ್ರೂ ಅಡ್ಡ ಬಂದ್ರೆ?"

ಮಾವನಿಗೆ ಕನ್ನಡಕದ ಅಂಗಡಿ. ಅವರು ಆ ವಾರ ಅತ್ತೆಯ ಕಣ್ಣನ್ನು ಮೂರು ಸಲ ಪರೀಕ್ಷೆ ಮಾಡಿದ್ದರು. "ಕಣ್ಣು ಸರಿಯಾಗಿದೆ. ಕುತ್ತಿಗೆಯಿಂದ ಮೇಲಿನದಕ್ಕೆ ನಾನು ಜವಾಬ್ದಾರಿ. ಕಾಲು ನನ್ನ ಕೈಲಿಲ್ಲ," ಅಂದರು. ತಮಾಷೆ ಮಾಡಲು ಹೋದರು, ಯಾರೂ ನಗಲಿಲ್ಲ. ಅತ್ತೆ ಎದ್ದು ಲೋಟಗಳನ್ನು ಒಳಗೆ ತೆಗೆದುಕೊಂಡು ಹೋದರು. ಮಾರನೆಯ ದಿನವೇ ನಾನು ಅವರನ್ನು ತೂಕದ ಯಂತ್ರದ ಜೊತೆ ಹಿಡಿದದ್ದು.

ಇಲ್ಲಿ ನನ್ನ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. ಆ ಸಂಖ್ಯೆಗಳನ್ನು ನೋಡಿ ನನಗೆ ಅನ್ನಿಸಿದ್ದು ಇಷ್ಟೇ: ಪಾಪ, ವಯಸ್ಸಾಯಿತು, ಒಪ್ಪಿಕೊಳ್ಳಲಾಗದೆ ಒದ್ದಾಡುತ್ತಿದ್ದಾರೆ. ಹೊರಗೆ ಬಂದವಳೇ ಅಕ್ಕನಿಗೆ ಫೋನ್ ಮಾಡಿ ಊದಿದೆ. ಅಕ್ಕ ಆ ಕಡೆಯಿಂದ ಅತ್ತಳು. ಕಾರು ಮಾರುವ ಮಾತು ಶುರುವಾಯಿತು.

ಆದರೂ ಅತ್ತೆ ಮೊಂಡು ಹಿಡಿದರು. "ಮಾರೋದಾದ್ರೂ ಬ್ರೇಕ್ ನೋಡಿಸಿಯೇ ಮಾರೋದು. ಕೊನೆಯ ನಾಲ್ಕು ಮಾರು ಯಾಕೆ ಹಾಗೆ ಅಂತ ನನಗೆ ಗೊತ್ತಾಗ್ಬೇಕು. ಆದ್ರೆ ಮೂರು ತಿಂಗಳ ದುಡಿಮೆ ಕೊಡಲ್ಲ."

ಅಲ್ಲಿಗೆ ಕೆಲಸ ನನ್ನ ತಲೆಗೆ ಬಂತು. ಮೊದಲು ಫೋನಿನಲ್ಲಿ ಹುಡುಕಿ, ಪಟ್ಟಿಯಲ್ಲಿದ್ದ ಬೆಲೆಯ ಕಾಲು ಭಾಗಕ್ಕೆ ಒಂದು ಜೊತೆ ಪ್ಯಾಡು ತರಿಸಿದೆ. ನನ್ನ ಜಾಣತನಕ್ಕೆ ನಾನೇ ಬೀಗಿದೆ. ಅದನ್ನು ಹಿಡಿದು ನನ್ನ ಸ್ಕೂಟರು ನೋಡುವವನ ಹತ್ತಿರ ಹೋದರೆ ಅವನು ಎರಡೂ ಕೈ ಮೇಲೆತ್ತಿದ. ಹೈಬ್ರಿಡ್ ಅಂದರೆ ಅವನಿಗೆ ಆಗದು. "ಮರದ ಡಿಪೋ ಹಿಂದೆ ಒಬ್ಬರಿದಾರೆ, ಕರಿಯುಗುರಿನ ಮೇಸ್ತ್ರಿ ಅಂತ ಕೇಳಿ. ಬೈತಾರೆ, ಆದ್ರೆ ಕೆಲಸ ಗೊತ್ತು," ಅಂದ.

ಶನಿವಾರ ಬೆಳಿಗ್ಗೆ ಹೋದೆವು. ಅತ್ತೆಯೇ ಓಡಿಸಿದರು, ಎರಡು ಬೀದಿ ಮೊದಲೇ ಬ್ರೇಕ್ ಒತ್ತುತ್ತಾ. ಒಂದೇ ಕಾರು ಹಿಡಿಯುವ ಶೆಡ್ಡು, ಕೆಳಗೆ ಸಿಮೆಂಟಿನ ನೆಲ, ನಮ್ಮ ಅಡುಗೆಮನೆಗಿಂತ ಸ್ವಚ್ಛ. ಸ್ಪ್ಯಾನರುಗಳು ಗೋಡೆಯ ಮೇಲೆ ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ನೇತಾಡುತ್ತಿದ್ದವು. ಮೇಸ್ತ್ರಿಗೆ ಐವತ್ತರ ಆಸುಪಾಸು. ಬಲಗೈ ಹೆಬ್ಬೆರಳಿನ ಉಗುರು ಪೂರ್ತಿ ಕಪ್ಪು. ನಾನು ಮೊದಲು ನನ್ನ ಪ್ಯಾಡಿನ ಡಬ್ಬಿ ಕೊಟ್ಟೆ. ಅವರು ಒಂದನ್ನು ತೆಗೆದು, ತಿರುಗಿಸಿ, ಉಗುರಿನಿಂದ ಕೆರೆದರು. ಪುಡಿ ಉದುರಿತು.

"ಬಾಗಿಲು ಹಾಕಿಕೊಳ್ಳದ ಹಾಗೆ ಅಡ್ಡ ಇಡೋಕೆ ಚೆನ್ನಾಗಿದೆ," ಅಂದು ವಾಪಸ್ ಕೊಟ್ಟರು. ಅದು ಈಗಲೂ ನನ್ನ ಅಂಗಡಿಯಲ್ಲಿ ಅದೇ ಕೆಲಸ ಮಾಡುತ್ತಿದೆ.

ನಂತರ ನನ್ನ ಕಡೆ ನೋಡುವುದನ್ನೇ ಬಿಟ್ಟು ಅತ್ತೆಯನ್ನು ಕೇಳಿದರು. "ಏನಾಗ್ತಿದೆ ಅಮ್ಮ?"

ಅತ್ತೆ ಹೇಳಿದರು. ಮೊದಲೆಲ್ಲ ಸರಿ, ಕೊನೆಯ ನಾಲ್ಕು ಮಾರು ಮಾತ್ರ.

"ಗಾಡಿ ಯಾವ ಕಡೆಗೆ ಎಳೆಯುತ್ತೆ?"

"ಸ್ವಲ್ಪ ಬಲಕ್ಕೆ. ಕೊನೆಯಲ್ಲಿ ಮಾತ್ರ."

"ಬೆಳಿಗ್ಗೆ ಜಾಸ್ತಿಯೋ, ಸಂಜೆ ಜಾಸ್ತಿಯೋ?"

"ಬೆಳಿಗ್ಗೆ. ಗಾಡಿ ತೊಳೆದ ಮಾರನೆಯ ದಿನ ಇನ್ನೂ ಜಾಸ್ತಿ."

ಅತ್ತೆ ತಡವರಿಸದೆ ಉತ್ತರ ಕೊಡುತ್ತಿದ್ದರು. ಇಷ್ಟೆಲ್ಲ ಅವರಿಗೆ ಗೊತ್ತಿದೆ ಅಂತಲೇ ನಮಗೆ ಗೊತ್ತಿರಲಿಲ್ಲ. ನಾವು ಯಾರೂ ಕೇಳಿರಲಿಲ್ಲ, ಕೇಳದೆಯೇ ಅವರ ಕಾಲಿನ ಬಗ್ಗೆ ಸಭೆ ಮಾಡಿದ್ದೆವು. ನನಗೆ ನನ್ನ ಮೇಲೇ ಸಿಟ್ಟು ಬಂತು.

"ಸರಿಯಾಗಿ ಹೇಳಿದ್ರಿ," ಅಂದರು ಮೇಸ್ತ್ರಿ. "ಇದು ಹೈಬ್ರಿಡ್ಡು. ಮೊದಲು ನಿಧಾನ ಮಾಡೋದು ಮೋಟರು. ಕೊನೆಯ ನಾಲ್ಕು ಮಾರಿಗೆ ಮೋಟರು ಕೈಬಿಡುತ್ತೆ, ಆಗ ಹಿಡಿಯೋದು ಪ್ಯಾಡು. ನಿಮ್ಮ ಪ್ಯಾಡು ಹಿಡಿಯುತ್ತಿಲ್ಲ. ಬಿಚ್ಚಿ ನೋಡೋಣ."

ಅವರು ಕೀಲಿ ಇಸಿದುಕೊಂಡು, ಶೆಡ್ಡಿನ ಆ ತುದಿಗೆ ನಡೆದು, ಒಂದು ಬಿಸ್ಕತ್ತಿನ ಡಬ್ಬಿಯೊಳಗೆ ಹಾಕಿ ಮುಚ್ಚಳ ಮುಚ್ಚಿದರು. ಇದೇನು ಪೂಜೆಯೋ ಅಂದುಕೊಂಡೆ. ಎಡ ಮುಂದಿನ ಗಾಲಿ ಬಿಚ್ಚಿ, ಅವರು ಕ್ಯಾಲಿಪರಿಗೆ ಕೈ ಹಾಕಿದ್ದರು. ನನ್ನ ಕೈಚೀಲ ಕಾರಿನಲ್ಲೇ ಉಳಿದಿತ್ತು. ತೆಗೆದುಕೊಳ್ಳೋಣ ಅಂತ ಬಾಗಿಲ ಹಿಡಿಗೆ ಕೈ ಇಟ್ಟೆ.

"ಬಾಗಿಲು ಮುಟ್ಟಬೇಡಿ!"

ಆ ಕೂಗಿಗೆ ಮರದ ಡಿಪೋದಲ್ಲಿ ಗರಗಸ ನಿಂತಿತು. ಮೇಸ್ತ್ರಿ ಎರಡೂ ಕೈಯನ್ನು ಹೊರಗೆಳೆದುಕೊಂಡು ಎದ್ದು ನಿಂತಿದ್ದರು.

"ಈ ಗಾಡಿ ನಿದ್ದೆ ಮಾಡಲ್ಲ ತಾಯಿ. ಬಾಗಿಲು ತೆಗೆದ್ರೆ ಯಜಮಾನರು ಬಂದ್ರು ಅಂದ್ಕೊಂಡು ತಾನೇ ಎದ್ದು ಬ್ರೇಕಿಗೆ ಒತ್ತಡ ತುಂಬುತ್ತೆ. ಕೀಲಿ ಹತ್ತಿರ ಬಂದ್ರೂ ಅಷ್ಟೇ, ಅದಕ್ಕೇ ಆ ತಗಡಿನ ಡಬ್ಬಿ. ಆಗ ಕೈ ಒಳಗಿದ್ರೆ ಇದೇ ಗತಿ." ಕಪ್ಪು ಉಗುರು ನನ್ನ ಮೂಗಿನ ಮುಂದೆ ಹಿಡಿದರು. "ಮೊದಲನೇ ಹೈಬ್ರಿಡ್ಡು ಕೊಟ್ಟ ಉಡುಗೊರೆ."

ನಾನು ಹೋಗಿ ಅತ್ತೆಯ ಪಕ್ಕದ ಸ್ಟೂಲಿನಲ್ಲಿ ಕೈಕಟ್ಟಿ ಕೂತೆ. ಅತ್ತೆ ಬಾಯಿ ಮುಚ್ಚಿಕೊಂಡು ನಕ್ಕರು. ಎರಡು ವಾರದಲ್ಲಿ ಅವರು ನಕ್ಕಿದ್ದು ಅದೇ ಮೊದಲು.

ಮೇಸ್ತ್ರಿ ಸುತ್ತಿಗೆಯಿಂದ ಎರಡು ಸಲ ಬಡಿದರು, ಎಣ್ಣೆ ಬಿಟ್ಟರು, ಮತ್ತೆ ಬಡಿದರು. ಕೊನೆಗೆ ಎರಡು ಪ್ಯಾಡನ್ನೂ ತಂದು ನಮ್ಮ ಮುಂದಿನ ಹಲಗೆಯ ಮೇಲಿಟ್ಟರು. ಒಂದು ಬಿಸ್ಕತ್ತಿನಷ್ಟು ದಪ್ಪ, ಹೆಚ್ಚುಕಮ್ಮಿ ಹೊಸದು. ಇನ್ನೊಂದರಲ್ಲಿ ಡಿಸ್ಕಿಗೆ ಉಜ್ಜುವ ಪದರವೇ ಉಳಿದಿರಲಿಲ್ಲ, ಬರೀ ಕಬ್ಬಿಣ ಗೀರುಗೀರಾಗಿ ಹೊಳೆಯುತ್ತಿತ್ತು.

"ದಪ್ಪಗಿರೋದು ಹೊರಗಿನದು. ಟಾರ್ಚ್ ಬಿಟ್ಟು ನೋಡಿದವರಿಗೆ ಕಂಡಿದ್ದು ಇದು. ಇದು ಏಳು ವರ್ಷ ಕೆಲಸವನ್ನೇ ಮಾಡಿಲ್ಲ. ಕ್ಯಾಲಿಪರ್ ಜಾರೋ ಪಿನ್ನು ತುಕ್ಕು ಹಿಡಿದು ಕಚ್ಕೊಂಡಿದೆ, ಹೊರಗಿನದು ಡಿಸ್ಕನ್ನ ಅದುಮೋದೇ ಇಲ್ಲ. ಇಬ್ಬರ ಕೆಲಸ ಒಳಗಿನವನೊಬ್ಬನೇ ಮಾಡಿ ಸವೆದು ಹೋಗಿದಾನೆ."

ಅತ್ತೆ ಆ ಸವೆದ ಪ್ಯಾಡನ್ನು ಎತ್ತಿಕೊಂಡು ತುಂಬಾ ಹೊತ್ತು ನೋಡಿದರು. ಆಮೇಲೆ ಸಣ್ಣ ದನಿಯಲ್ಲಿ ಕೇಳಿದರು.

"ಹಾಗಾದ್ರೆ ನನ್ನ ಕಾಲು?"

ಮೇಸ್ತ್ರಿಗೆ ಅರ್ಥವಾಗಲಿಲ್ಲ. ಬಗ್ಗಿ ಅವರ ಚಪ್ಪಲಿ ನೋಡಿದರು. "ಕಾಲಿಗೇನಾಯ್ತಮ್ಮ? ಏನಾದ್ರೂ ಬಿತ್ತಾ?"

ಅತ್ತೆ ಕೈಚೀಲದಿಂದ ಚೀಟಿಗಳ ಸುರುಳಿ ತೆಗೆದರು. ಅದು ಅವರ ಇಪ್ಪತ್ತು ವರ್ಷದ ಅಭ್ಯಾಸ, ಚೀಲದಲ್ಲಿ ಯಾವತ್ತೂ ಇರುತ್ತದೆ. ಅಡುಗೆಮನೆಯ ಡಬ್ಬಿಗಳಿಂದ ಹಿಡಿದು ಮಾವನ ಮಾತ್ರೆಯವರೆಗೆ ಎಲ್ಲದಕ್ಕೂ ಚೀಟಿ ಇದೆ. ದಪ್ಪನೆಯದರ ಮೇಲೆ 'ಎಡ ಮುಂದೆ, ಹೊರಗೆ', ಸವೆದದ್ದರ ಮೇಲೆ 'ಎಡ ಮುಂದೆ, ಒಳಗೆ' ಅಂತ ಬರೆದು, ತಾರೀಖು, ಗಂಟೆ, ನಿಮಿಷ ಹಾಕಿ ಅಂಟಿಸಿದರು. ಅಕ್ಷರ ಯಾವತ್ತಿನ ಹಾಗೆ ದುಂಡಗಿತ್ತು.

"ಇಷ್ಟು ಬೇಗ ಹೀಗ್ಯಾಕಾಯ್ತು ಮೇಸ್ತ್ರಿ? ನಾನು ಎಷ್ಟು ಜೋಪಾನವಾಗಿ ಓಡಿಸ್ತೀನಿ ಗೊತ್ತಾ? ಕಾರೇ ದಿನಾ ತೊಂಬತ್ತೈದು ಅಂಕ ಕೊಡುತ್ತೆ."

"ಅದೇ ಕಾಯಿಲೆ," ಅಂದರು ಮೇಸ್ತ್ರಿ, ಕೈ ಒರೆಸಿಕೊಳ್ಳುತ್ತಾ. "ಬೇರೆಯವರು ಒತ್ತಿ ಒತ್ತಿ ಬ್ರೇಕ್ ಹಾಳು ಮಾಡ್ತಾರೆ. ನೀವು ಒತ್ತದೆ ಹಾಳು ಮಾಡಿದೀರಿ. ಜೋರಾಗಿ ಒತ್ತಿದ್ರೆ ತಾನೇ ಪ್ಯಾಡು ಡಿಸ್ಕು ಉಜ್ಜಿ ತುಕ್ಕು ಹೋಗೋದು, ಪಿನ್ನು ಜಾರೋದು? ನೀವು ಓಡಿಸೋ ಹಾಗೆ ಓಡಿಸಿದ್ರೆ ಅದು ಬಾಗಿಲು ಹಾಕಿದ ಮನೆಯ ಬೀಗದ ಹಾಗೆ ಕಚ್ಕೊಂಡು ಕೂರುತ್ತೆ. ಆ ಅಂಕ ಪೆಟ್ರೋಲಿಗೆ ಕೊಡೋದು. ಬ್ರೇಕಿಗಲ್ಲ."

ಅತ್ತೆಯ ಮುಖ ನೋಡಬೇಕಿತ್ತು. ಕಾಲಿನ ಮೇಲಿದ್ದ ಅಪವಾದ ಹೋಯಿತು ಅನ್ನುವ ಹೊತ್ತಿಗೆ ಹೆಮ್ಮೆಯ ಬುಡಕ್ಕೇ ಕೊಡಲಿ ಬಿದ್ದಿತ್ತು. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಆದರೆ ಅವರು ಬೇಗ ಸಾವರಿಸಿಕೊಂಡರು. ಸರ್ವೀಸ್ ಸೆಂಟರಿನ ಪಟ್ಟಿಯನ್ನು ಹಲಗೆಯ ಮೇಲೆ ಹರಡಿ, ಪೆನ್ನು ತೆಗೆದು, ಒಂದೊಂದೇ ಸಾಲು ಕೇಳುತ್ತಾ ಹೋದರು. ಹಿಂದಿನ ಗಾಲಿಗಳ ಪ್ಯಾಡು? ಮೇಸ್ತ್ರಿ ಬಿಚ್ಚಿ ತೋರಿಸಿದರು, ಒಳಗೂ ಹೊರಗೂ ಸಮ ಇತ್ತು, ಉಜ್ಜಿ ಗ್ರೀಸ್ ಹಾಕಿದರೆ ಸಾಕು. ಅತ್ತೆ ಆ ಸಾಲು ಹೊಡೆದು ಹಾಕಿದರು. ಡಿಸ್ಕು? ಅಳತೆಗೋಲು ಹಿಡಿದು ನೋಡಿದರು. ಎಡಗಡೆಯದಕ್ಕೆ ಗೀರು ಬಿದ್ದಿದ್ದರೂ ದಪ್ಪ ಇತ್ತು, ಲೇತಿಗೆ ಕೊಟ್ಟು ಎರಡನ್ನೂ ನಯ ಮಾಡಿಸಬಹುದು. ಆ ಸಾಲೂ ಹೋಯಿತು. ಕ್ಯಾಲಿಪರ್? "ಪಿನ್ನು ಕಚ್ಕೊಂಡ್ರೆ ಪಿನ್ನು ಬದಲಾಯಿಸ್ಬೇಕು. ಕೀಲು ತುಕ್ಕು ಹಿಡಿದಿದೆ ಅಂತ ಬಾಗಿಲನ್ನೇ ಕಿತ್ತು ಬಿಸಾಕ್ತೀವಾ?" ಅತ್ತೆ ಉದ್ದಕ್ಕೆ ಒಂದು ಗೆರೆ ಎಳೆದರು. ಉಳಿದದ್ದು ಮುಂದಿನ ಎರಡು ಗಾಲಿಗೆ ಹೊಸ ಪ್ಯಾಡು, ಪಿನ್ನು, ರಬ್ಬರು, ಮತ್ತೆ ಬ್ರೇಕ್ ಎಣ್ಣೆ. ಎಣ್ಣೆಗೆ ವಯಸ್ಸಾಗಿದೆ, ಅದನ್ನು ಬಿಡುವ ಹಾಗಿಲ್ಲ ಅಂದರು.

"ಒಂದೇ ಕಡೆ ಸವೆದಿದೆಯಲ್ಲ, ಎಡಕ್ಕೆ ಮಾತ್ರ ಹೊಸದು ಹಾಕಿದ್ರೆ?" ಅಂತ ನಾನು ಬಾಯಿ ಹಾಕಿದೆ.

"ಒಂದು ಕಾಲಿಗೆ ಹೊಸ ಚಪ್ಪಲಿ, ಇನ್ನೊಂದಕ್ಕೆ ಹಳೇದು ಹಾಕ್ಕೊಂಡು ನಡೀತೀರಾ?" ಅಂದರು ಮೇಸ್ತ್ರಿ.

ಪ್ಯಾಡು ಕಂಪನಿಯ ಹೆಸರಿನ ಡಬ್ಬಿಯಲ್ಲೇ ಬೇಕಾಗಿಲ್ಲ, ಕಂಪನಿಗೆ ಮಾಡಿಕೊಡುವವರೇ ತಮ್ಮ ಡಬ್ಬಿಯಲ್ಲಿ ಹಾಕಿ ಮಾರುತ್ತಾರೆ, ಅದು ಸಾಕು ಅಂದರು. ಕೂಲಿ ಸೇರಿ ಎಲ್ಲ ಲೆಕ್ಕ ಹಾಕಿದರೆ ಅತ್ತೆಯ ಹದಿನೈದು ದಿನದ ದುಡಿಮೆ. ಅತ್ತೆ ಪಟ್ಟಿಯನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡು, "ಮಾಡಿ," ಅಂದರು.

ಕೆಲಸ ಮುಗಿದದ್ದು ಭಾನುವಾರ ಮಧ್ಯಾಹ್ನ. ಎಣ್ಣೆ ಬದಲಾಯಿಸಲು ಮೇಸ್ತ್ರಿ ಕಾರಿಗೆ ಒಂದು ಯಂತ್ರ ಸಿಕ್ಕಿಸಿ, ಅದರ ಜೊತೆ ಗೊಣಗುತ್ತಾ ಒಂದು ಗಂಟೆ ಕೂತರು. ಕೊನೆಗೆ ಬಿಸ್ಕತ್ತಿನ ಡಬ್ಬಿಯಿಂದ ಕೀಲಿ ತೆಗೆದು ಅತ್ತೆಯ ಕೈಗಿಟ್ಟರು.

"ಹೊಸ ಪ್ಯಾಡು ಡಿಸ್ಕಿಗೆ ಹೊಂದಿಕೊಳ್ಳಬೇಕು. ಹತ್ತು ಸಲ ಜೋರಾಗಿ ಒತ್ತಬೇಕು. ನಾನೇ ಮಾಡಬಹುದು. ಆದ್ರೆ ನೀವು ಮಾಡೋದು ಒಳ್ಳೇದು."

ಡಿಪೋದ ಹಿಂದೆ ಉಗ್ರಾಣಗಳ ನಡುವೆ ಅಗಲವಾದ ರಸ್ತೆ. ಭಾನುವಾರ ಅಲ್ಲಿ ನರಪಿಳ್ಳೆ ಇರಲಿಲ್ಲ. ಮೇಸ್ತ್ರಿ ಹಿಂದೆ ಕೂತರು, ನಾನು ಮುಂದೆ, ಪೆಟ್ಟಿಗೆ ಕೂರುವ ಸೀಟಿನಲ್ಲಿ. ಅತ್ತೆ ವೇಗ ಹಿಡಿದರು. "ಈಗ," ಅಂದರು ಮೇಸ್ತ್ರಿ. ಅತ್ತೆ ಬ್ರೇಕ್ ಒತ್ತಿದರು. ಕಾರು ತೊಟ್ಟಿಲ ಹಾಗೆ ನಿಂತಿತು.

"ಇದು ಬ್ರೇಕಲ್ಲಮ್ಮ, ನಮಸ್ಕಾರ. ಇನ್ನೊಂದು ಸಲ."

ಎರಡನೆಯದೂ ನಮಸ್ಕಾರವೇ. ಮೂರನೆಯದೂ. ಅತ್ತೆಯ ಹಣೆಯಲ್ಲಿ ಬೆವರಿಳಿಯಿತು. "ಬರೋದೇ ಇಲ್ಲ ಮೇಸ್ತ್ರಿ. ಕಾಲು ಅಲ್ಲಿಗೆ ಬಂದು ತಾನೇ ನಿಂತುಬಿಡುತ್ತೆ. ಪಕ್ಕದಲ್ಲಿ ಟ್ಯೂಬಿದೆ ಅನ್ನಿಸುತ್ತೆ."

"ಪಕ್ಕದಲ್ಲಿರೋದು ನಾನು," ಅಂದೆ. "ಒಡೆಯಲ್ಲ. ಒತ್ತಿ."

ನಾಲ್ಕನೆಯ ಸಲ ಅತ್ತೆ ಒತ್ತಿದರು. ನನ್ನ ಬೆಲ್ಟು ಎದೆಗೆ ಕಚ್ಚಿತು, ಹಿಂದಿನಿಂದ ಮೇಸ್ತ್ರಿಯ ಮೊಣಕಾಲು ನನ್ನ ಸೀಟಿಗೆ ಬಡಿಯಿತು, ಕನ್ನಡಿಗೆ ನೇತುಹಾಕಿದ್ದ ಲ್ಯಾಬಿನ ಗುರುತಿನ ಚೀಟಿ ಹಾರಿ ಗಾಜಿಗೆ ಬಿತ್ತು. ಕಾರು ನೆಟ್ಟಗೆ, ಎಡಕ್ಕೂ ಹೋಗದೆ ಬಲಕ್ಕೂ ಹೋಗದೆ, ನಿಂತ ಕಡೆ ನಿಂತಿತ್ತು. ಅತ್ತೆ ಪೆಡಲಿನಿಂದ ಕಾಲು ತೆಗೆಯಲಿಲ್ಲ. ಎರಡೂ ಕೈ ಸ್ಟೀರಿಂಗ್ ಮೇಲೆ, ಕಣ್ಣಲ್ಲಿ ನೀರು.

"ಅವತ್ತೂ ಹೀಗೇ ಒತ್ತಿದ್ದೆ ಕಣೇ," ಅಂದರು. "ಮಗುವಿನ ಟ್ಯೂಬು ಒಡೆದ ದಿನ. ಇಷ್ಟೇ ಜೋರಾಗಿ ಒತ್ತಿದ್ದೆ. ಸರಿಯಾದ ಹೊತ್ತಿಗೇ ಒತ್ತಿದ್ದೆ."

ಮೇಸ್ತ್ರಿ ಕಿಟಕಿಯಾಚೆ ನೋಡಿದರು. "ಇನ್ನು ಒಂಬತ್ತು ಬಾಕಿ," ಅಂದರು.

ಹತ್ತೂ ಮುಗಿಸಿ ಕೀಲಿ ತೆಗೆದಾಗ ಪರದೆಯ ಮೇಲೆ ಅಂಕ ಬಂತು. ಮೂವತ್ತೊಂದು.

ಸೋಮವಾರ ಅತ್ತೆ ಮೇಲ್ವಿಚಾರಕರ ಮೇಜಿನ ಮೇಲೆ ಮಾದರಿಗಳ ತಟ್ಟೆ ಇಟ್ಟರು. ಅದರಲ್ಲಿ ರಕ್ತದ ಟ್ಯೂಬಿನ ಬದಲು ಚೀಟಿ ಅಂಟಿಸಿದ ಎರಡು ಪ್ಯಾಡು, ಮೇಸ್ತ್ರಿ ಕೈಬರಹದಲ್ಲಿ ಕೊಟ್ಟ ಕಾಗದ. ಮೇಲ್ವಿಚಾರಕರು ದಪ್ಪನೆಯದನ್ನು ನೋಡಿದರು, ಸವೆದದ್ದನ್ನು ತಿರುಗಿಸಿ ತಿರುಗಿಸಿ ನೋಡಿದರು, ಚೀಟಿಯ ಮೇಲಿನ ಗಂಟೆ ನಿಮಿಷ ಓದಿ ನಕ್ಕರಂತೆ. ಮಾರನೆಯ ದಿನ ಅತ್ತೆಗೆ ಒಂಬತ್ತೂ ಕ್ಲಿನಿಕ್ಕು ವಾಪಸ್ ಬಂದವು. ಅಕ್ಕ ಕಾರು ಮಾರುವ ಮಾತು ಮತ್ತೆ ಎತ್ತಲಿಲ್ಲ. ಫೋನಿನಲ್ಲಿ ತಾಯಿ ಮಗಳು ಏನು ಮಾತಾಡಿಕೊಂಡರೋ ನನಗೆ ಗೊತ್ತಿಲ್ಲ. ಮುಂದಿನ ಭಾನುವಾರ ಅಕ್ಕ ಬಂದು ತೂಕದ ಯಂತ್ರವನ್ನು ತಾನೇ ಮೇಜಿನ ಕೆಳಗಿನಿಂದ ತೆಗೆದು ಬಚ್ಚಲಿಗೆ ಸಾಗಿಸಿದಳು.

ಈಗ ಅತ್ತೆ ಮಾದರಿಗಳನ್ನೆಲ್ಲ ಮುಟ್ಟಿಸಿ, ಖಾಲಿ ಪೆಟ್ಟಿಗೆಯೊಂದಿಗೆ ವಾಪಸ್ ಬರುವಾಗ, ದಿನಾ ಆ ಉಗ್ರಾಣದ ರಸ್ತೆಯಲ್ಲಿ ಬರುತ್ತಾರೆ. ಹಿಂದೆ ಯಾರೂ ಇಲ್ಲ ಅಂತ ಕನ್ನಡಿಯಲ್ಲಿ ನೋಡಿಕೊಂಡು, ಒಂದೇ ಒಂದು ಸಲ ಬ್ರೇಕನ್ನು ಗಟ್ಟಿಯಾಗಿ ಒತ್ತುತ್ತಾರೆ. ಮೇಸ್ತ್ರಿ ಹೇಳಿದ ಔಷಧಿ. ಅಂಕ ಎಪ್ಪತ್ತರ ಮೇಲೆ ಹೋಗುವುದಿಲ್ಲ. ತೊಂಬತ್ತೆಂಟರ ಪ್ರಿಂಟು ಫ್ರಿಜ್ಜಿನಿಂದ ಯಾವಾಗ ಇಳಿಯಿತೋ ನಾನು ನೋಡಲಿಲ್ಲ.

ಮೊನ್ನೆ ಅಂಗಡಿಗೆ ಕಾಗದದ ಕಟ್ಟು ತರಬೇಕಿತ್ತು, ಅತ್ತೆಯ ಕಾರಿನಲ್ಲೇ ಬಂದೆ. ಉಗ್ರಾಣದ ರಸ್ತೆ ಬಂತು. "ಹಿಡ್ಕೋ," ಅಂದರು. ಹಿಡಿದುಕೊಂಡೆ. ಕಾರು ಗಕ್ಕನೆ ನಿಂತಿತು. ಆ ನಿಶ್ಶಬ್ದದಲ್ಲಿ ನನಗೆ ಆ ಲಕೋಟೆ ನೆನಪಾಯಿತು. ಇಪ್ಪತ್ತೆರಡು, ಇಪ್ಪತ್ತೆರಡು, ಇಪ್ಪತ್ತಮೂರು. ಮೂವತ್ತು ಸಲವೂ ಹೆಚ್ಚುಕಮ್ಮಿ ಒಂದೇ. ಉತ್ತರ ಅವತ್ತೇ ಅದರಲ್ಲಿ ಬರೆದಿತ್ತು, ನಾನು ಓದಿಯೂ ನಂಬಲಿಲ್ಲ, ಮೇಲೆ ಅಕ್ಕನಿಗೆ ಚಾಡಿ ಬೇರೆ ಹೇಳಿದೆ.

"ತಪ್ಪಾಯ್ತು ಅತ್ತೆ," ಅಂದೆ.

"ಯಾಕೆ?"

"ನಿಮ್ಮ ಕಾಲೇ ಸರಿಯಿಲ್ಲ ಅಂತ ನಾನೂ ಅಂದ್ಕೊಂಡಿದ್ದೆ."

ಅತ್ತೆ ಕನ್ನಡಿಯಲ್ಲಿ ಹಿಂದಿನ ರಸ್ತೆ ನೋಡಿಕೊಂಡರು. "ನಾನೂ ಹಾಗೇ ಅಂದ್ಕೊಂಡಿದ್ದೆನಲ್ಲೇ," ಅಂದರು. "ನಾನು ಯಾರ ಹತ್ರ ಹೋಗಿ ತಪ್ಪಾಯ್ತು ಅನ್ಲಿ?"

ಅಷ್ಟು ಹೇಳಿ ಬಲ ಮಂಡಿಯನ್ನು ಎರಡು ಸಲ ಮೆಲ್ಲಗೆ ತಟ್ಟಿದರು, ಅಳು ನಿಲ್ಲಿಸಿದ ಮಗುವಿನ ಬೆನ್ನು ತಟ್ಟುವ ಹಾಗೆ. ಆಮೇಲೆ ಕಾರು ಮುಂದಕ್ಕೆ ಬಿಟ್ಟರು.